ಬುಧವಾರ ಉಟ್ಟ ರೇಷ್ಮೆ ಸೀರೆ

ಕಿರಂಗೂರಿನ ಇಂದ್ರಮ್ಮನ ಮನೆಯಲ್ಲಿ ಆ ಬುಧವಾರ ನಡೆದ ರಾದ್ಧಾಂತಕ್ಕೆಲ್ಲ ಒಂದು ಜಿರಲೆ ಕಾರಣ. ಅದು ಕೋಣೆಯ ಮೂಲೆಯಲ್ಲಿದ್ದ ತಗಡಿನ ಪೆಟ್ಟಿಗೆಯ ಸಂದಿಯಿಂದ ಮೀಸೆ ಚಾಚಿ, ಮನೆ ಯಜಮಾನ ಬಾಗಿಲಲ್ಲಿ ನಿಂತು ಬೀದಿ ನೋಡುವ ಹಾಗೆ ಗತ್ತಿನಿಂದ ನೋಡಿತು. ಇಂದ್ರಮ್ಮ ಪೊರಕೆ ಹಿಡಿದು ಪೆಟ್ಟಿಗೆ ತೆರೆದಳು. ಹಳೇ ರಗ್ಗು, ಮಗಳು ದೀಪಳ ಚಿಕ್ಕಂದಿನ ಸ್ವೆಟರು, ಕೈ ಮುರಿದ ಗೊಂಬೆ ಎಲ್ಲವನ್ನೂ ಎಳೆದು ಹಾಕಿದಳು. ತಳದಲ್ಲಿ ಬಿಳಿ ಪಂಚೆಯಲ್ಲಿ ಸುತ್ತಿಟ್ಟ ಧಾರೆ ಸೀರೆಯಿತ್ತು. ಅದರ ಮಡಿಕೆಯೊಳಗಿಂದ ಜಿರಲೆ ನಿದ್ದೆಯಿಂದ ಎದ್ದು ಬಂದ ನೆಂಟನಂತೆ ಹೊರಬಂದು, ಗೋಡೆ ಹತ್ತಿ ಹೋಯಿತು.

ಇಂದ್ರಮ್ಮ ಹೊಡೆಯಲಿಲ್ಲ. ಅವಳ ಕಣ್ಣು ಸೀರೆಯ ಮೇಲೆ ನಿಂತುಬಿಟ್ಟಿತ್ತು.

ಗಿಣಿಹಸಿರು ಒಡಲು, ಅಂಗೈ ಅಗಲದ ಅರಿಶಿನ ಅಂಚು, ಸೆರಗಿನ ತುಂಬ ಜರಿಯ ಮಾವಿನಕಾಯಿ. ಮೂವತ್ತು ವರ್ಷದ ಹಿಂದೆ ಅವಳ ಅಪ್ಪ ಮೈಸೂರಿಗೆ ಹೋಗಿ ಆರಿಸಿ ತಂದದ್ದು. ಆ ಕಾಲದಲ್ಲಿ ಆ ಬಣ್ಣ, ಆ ಅಂಚು ಅಂದರೆ ಮದುವೆಯಾಗುವ ಹೆಣ್ಣುಗಳಿಗೆಲ್ಲ ಹುಚ್ಚು. ಧಾರೆಯ ದಿನ ಉಟ್ಟಳು, ಅಷ್ಟೇ. ಒಳ್ಳೇ ದಿನ ಬಂದಾಗ ಉಟ್ಟರಾಯಿತು ಎಂದು ಒಳಗಿಟ್ಟಳು. ಒಳ್ಳೇ ದಿನಗಳು ಬಂದವು, ಹೋದವು. ಪ್ರತಿ ಸಲವೂ ಸಾರು ಚೆಲ್ಲಿಬಿಟ್ಟರೆ, ಮಳೆ ಬಂದುಬಿಟ್ಟರೆ, ಯಾರಾದರೂ ಕಣ್ಣು ಹಾಕಿಬಿಟ್ಟರೆ ಎಂದು ಹೆದರಿ ಬೇರೆ ಸೀರೆಯನ್ನೇ ಉಟ್ಟಳು.

ಈ ಮೂವತ್ತು ವರ್ಷದಲ್ಲಿ ಸೀರೆ ಹೊಸ್ತಿಲು ದಾಟಿದ್ದು ಒಂದೇ ಸಲ, ಅದೂ ಮೊದಮೊದಲಲ್ಲಿ. ಗಂಡನ ತಮ್ಮನಿಗೆ ನಾಗಮಂಗಲದ ಕಡೆಯ ಹೆಣ್ಣು ತಂದಾಗ, ಆ ಹೆಣ್ಣು ಪ್ರಮೀಳಾ, ಅಲ್ಲಿನ ಛತ್ರದಲ್ಲಿ ಆರತಕ್ಷತೆಗೆ ಉಡಲಿ ಎಂದು ಅತ್ತೆಯ ಮಾತಿಗೆ ಕಟ್ಟುಬಿದ್ದು ಕೊಟ್ಟಿದ್ದಳು. ವಾಪಸ್ಸು ಬಂದಾಗ ಸೆರಗಿನಲ್ಲಿ ಸಾಸಿವೆ ಕಾಳಿನಷ್ಟು ಸುಟ್ಟ ತೂತು. ಅದನ್ನು ಮುಚ್ಚಲು ಯಾರೋ ಕೆಂಪು ದಾರದಲ್ಲಿ ಹೊಲಿದಿದ್ದರು. ಹಸಿರು ಸೀರೆಗೆ ಕೆಂಪು ದಾರ!

"ನಾನ್ ಸುಟ್ಟಿಲ್ಲ ಕಣಕ್ಕ, ದೇವ್ರಾಣೆಗೂ" ಎಂದು ಪ್ರಮೀಳಾ ಅತ್ತಿದ್ದಳು.

"ಅಂಗಾದ್ರೆ ತೂತು ತಾನಾಗೇ ಬಸ್ಸತ್ಕೊಂಡ್ ಬಂತಾ?" ಎಂದು ಇಂದ್ರಮ್ಮ ಕೇಳಿದ್ದಳು.

ಅಲ್ಲಿಗೆ ಮಾತು ನಿಂತಿತು. ಪ್ರಮೀಳಾಳ ಮನೆ ಎದುರಿಗೇ ಇದೆ. ಇಬ್ಬರೂ ದಿನಕ್ಕೆ ಹತ್ತು ಸಲ ಮುಖ ನೋಡಿಕೊಳ್ಳುತ್ತಾರೆ. ಏನಾದರೂ ಹೇಳಲೇಬೇಕಾದರೆ ಮೂರನೆಯವರಿಗೆ ಹೇಳುತ್ತಾರೆ. ಮೂರನೆಯವರು ಸಿಗದಿದ್ದರೆ ಬೀದಿಯಲ್ಲಿ ಹೋಗುವ ಕೋಳಿಗೆ ಹೇಳುತ್ತಾರೆ.

"ನಾನ್ ಒಂದ್ಸಲ ಉಟ್ಟೆ. ಅವಳೊಂದ್ಸಲ ಉಟ್ಲು. ಮಿಕ್ಕಿದ್ ವರ್ಸೆಲ್ಲ ಈ ದರಿದ್ರದ್ ಜಿರ್ಲೆ ಉಟ್ಕೊಂಡ್ ಮೆರೆದದಲ್ಲ!" ಇಂದ್ರಮ್ಮನಿಗೆ ಪಿತ್ತ ನೆತ್ತಿಗೇರಿತು. ಪೊರಕೆ ಎಸೆದಳು. ಬಾಗಿಲು ಹಾಕಿಕೊಂಡಳು. ಹಳೇ ಕುಪ್ಪಸ ಮೊಣಕೈ ದಾಟಲಿಲ್ಲ, ದಿನವೂ ತೊಡುವ ಕರೀ ಕುಪ್ಪಸದ ಮೇಲೇ ಸೀರೆ ಉಟ್ಟಳು. ಗೋಡೆಯ ಮೇಲಿದ್ದ ಜಿರಲೆಗೆ ಕೇಳುವಂತೆ ಹೇಳಿದಳು: "ಇವತ್ತು ಒತ್ತು ಮುಳುಗೋಗಂಟ ಇದನ್ನ ಬಿಚ್ಚಾಕಿಲ್ಲ. ಮನೆಲೇ ಇರ್ತೀನಿ, ಮನೆ ಕೆಲ್ಸಾನೇ ಮಾಡ್ತೀನಿ. ಅದ್ಯಾವನ್ ಬಂದ್ ಕೇಳ್ತಾನೋ ಕೇಳ್ಲಿ!"

ಆ ಬೆಳಗ್ಗೆ ಅವಳು ಪಟ್ಟ ಸುಖ ಹೇಳತೀರದು. ಅಂಗಳ ಗುಡಿಸಿದಳು, ನೆರಿಗೆ ಸರಸರ ಸದ್ದು ಮಾಡಿತು. ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕಾಫಿ ಕುಡಿದಳು, ಬಿಸಿಲಿಗೆ ಅಂಚು ಹೊಳೆಯಿತು. ಕಾಫಿ ಅದೇ, ಲೋಟ ಅದೇ, ಆದರೆ ರುಚಿ ಬೇರೆ. ಬೂಸಾ ಕಲಸಿಕೊಂಡು ಕೊಟ್ಟಿಗೆಗೆ ಹೋದರೆ ಹಸು ಅವಳನ್ನು ಮೇಲಿಂದ ಕೆಳಗೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದು ನಿಂತಿತು.

"ನಾನೇ ಕಣೇ, ತಿನ್ನು" ಎಂದಳು ಇಂದ್ರಮ್ಮ.

ಹಸು ನಂಬಿತು. ಪಕ್ಕದ ಮನೆಯ ಚಿಕ್ಕಬೋರಮ್ಮ ನಂಬಲಿಲ್ಲ. ಮೋಟುಗೋಡೆಯ ಮೇಲಿಂದ ಅವಳ ತಲೆ, ಸುಗ್ಗಿಯ ಕುಂಬಳಕಾಯಿಯ ಹಾಗೆ ಕಾಣಿಸಿಕೊಂಡಿತು. ಈ ಬೀದಿಯಲ್ಲಿ ಯಾರ ಮನೆಯ ಒಗ್ಗರಣೆಗೆ ಎಷ್ಟು ಬೆಳ್ಳುಳ್ಳಿ ಬಿತ್ತು ಅನ್ನುವುದು ಆ ಮನೆಯವರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ.

"ಏನಮ್ಮಿ ಇಂದ್ರಿ, ಯಾರ್ ಬತ್ತಾವ್ರೆ?"

"ಯಾರೂ ಇಲ್ಲ ಬೋರಕ್ಕ."

"ಅಂಗಾರೆ ನೀನೇ ಎಲ್ಗೋ ಒಂಟಿದ್ದೀಯ."

"ಊಂ. ಕೊಟ್ಗೆಗೆ."

"ಸಗಣಿ ಬಾಚಾಕೆ ರೇಸ್ಮೆ ಸೀರೇನಾ?"

"ಸಗಣಿಗೇನ್ ಗೊತ್ತಾಯ್ತದಾ, ಬೋರಕ್ಕ, ರೇಸ್ಮೆನೋ ನೂಲೋ ಅಂತ?"

"ನಂಗೇ ಸುಳ್ಳೇಳ್ತೀಯಾ? ಒಂದ್ ಕಾರಣ ಇಲ್ದೆ ರೇಸ್ಮೆ ಸೀರೆ ಪೆಟ್ಗೆ ಬುಟ್ಟು ಈಚೆಗ್ ಬತ್ತದೇನಮ್ಮಿ?"

"ಬಂದದಲ್ಲ, ಕಣ್ಮುಂದೇ ಅದೆ ನೋಡು. ಸುಮ್ಕೆ ಉಟ್ಟಿವ್ನಿ."

ಸುಮ್ಕೆ ಉಟ್ಟಿವ್ನಿ! ಚಿಕ್ಕಬೋರಮ್ಮ ತನ್ನ ಎಪ್ಪತ್ತು ವರ್ಷದ ಬಾಳಿನಲ್ಲಿ ಸೀರೆಗೆ ಸಂಬಂಧಪಟ್ಟಂತೆ ಕೇಳಿದ ಅತಿ ದೊಡ್ಡ ಸುಳ್ಳು ಇದೇ. ಮದುವೆಗೆ ಉಡುತ್ತಾರೆ, ನಾಮಕರಣಕ್ಕೆ ಉಡುತ್ತಾರೆ, ಗೃಹಪ್ರವೇಶಕ್ಕೆ ಉಡುತ್ತಾರೆ. ಸುಮ್ಮನೆ ಯಾರು ಉಡುತ್ತಾರೆ? ಕುಂಬಳಕಾಯಿ ಗೋಡೆಯ ಹಿಂದೆ ಮರೆಯಾಯಿತು, ಕಿವಿ ಮಾತ್ರ ಇಲ್ಲೇ ಇತ್ತು.

ಅಷ್ಟರಲ್ಲಿ ಇಂದ್ರಮ್ಮನ ಗಂಡ ನಿಂಗಯ್ಯ ಕಬ್ಬಿನ ಗದ್ದೆಗೆ ನೀರು ಕಟ್ಟಿ, ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಬಂದ. ಹಿತ್ತಲಲ್ಲಿ ರೇಷ್ಮೆ ಸೀರೆಯ ಹೆಂಡತಿಯನ್ನು ಕಂಡು ಗುದ್ದಲಿ ಕೆಳಗಿಳಿಸಿದ. ಏನೋ ಇದೆ. ಏನೋ ಮರೆತಿದ್ದೇನೆ. ಭಾಮೈದನ ಮನೆಯ ಗೃಹಪ್ರವೇಶವನ್ನು ಅವನು ಒಮ್ಮೆ ಮರೆತು, "ಇವತ್ತೇನು ವಿಶೇಷ?" ಎಂದು ಬಾಯಿಬಿಟ್ಟು ಕೇಳಿದ್ದ. ಆ ತಿಂಗಳು ಪೂರ್ತಿ ಅವನ ಮುದ್ದೆ ಕಲ್ಲಿನಷ್ಟು ಗಟ್ಟಿಯಾಗಿತ್ತು. ಮರೆತದ್ದನ್ನು ಹೆಂಡತಿಯ ಹತ್ತಿರ ಕೇಳಬಾರದು ಅನ್ನುವುದನ್ನು ಸಂಸಾರ ಅವನಿಗೆ ಕಲಿಸಿತ್ತು. ತೆಪ್ಪಗೆ ಒಳಗೆ ಹೋದ. ಗಡ್ಡ ಹೆರೆದುಕೊಂಡ. ತಲೆಗೆ ನೀರು ಹಾಕಿಕೊಂಡ. ಬಿಳೀ ಪಂಚೆ, ಬಿಳೀ ಅಂಗಿ ತೊಟ್ಟು, ಹೆಗಲಿಗೆ ಶಲ್ಯ ಹಾಕಿ, ಹೊರಡುವುದಾದರೂ ಸರಿ, ಯಾರಾದರೂ ಬರುವುದಾದರೂ ಸರಿ ಎಂದು ಜಗಲಿಯ ಮೇಲೆ ಕುಳಿತ.

ಇಂದ್ರಮ್ಮ ನೋಡಿದಳು. ನಾನು ಅಚ್ಚುಕಟ್ಟಾಗಿರೋದನ್ನ ನೋಡಿ ಇವರಿಗೂ ಆಸೆ ಬಂತು ಎಂದುಕೊಂಡಳು. ಮದುವೆಯಾದ ಮೇಲೆ ಮೊದಲ ಸಲ ಗಂಡನಿಗೆ ತನ್ನ ಮನಸ್ಸು ಅರ್ಥವಾಯಿತು ಎಂದು ಹಿಗ್ಗಿ, ಕೇಳದೆಯೇ ಎರಡನೇ ಲೋಟ ಕಾಫಿ ಕೊಟ್ಟಳು. ಎರಡನೇ ಲೋಟ ಬಂದದ್ದೇ ನಿಂಗಯ್ಯನಿಗೆ ಖಾತ್ರಿಯಾಯಿತು. ಇದು ಸಣ್ಣ ವಿಷಯವಲ್ಲ.

ಗೋಡೆಯಾಚೆಯ ಚಿಕ್ಕಬೋರಮ್ಮನಿಗೂ ಖಾತ್ರಿಯಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದುರು ಮನೆಗೆ ಓಡಿದಳು.

"ಪ್ರಮೀಳಾ, ಗಡ್ಡ ಕೆರ್ಕೊಂಡವ್ನೆ ಕಣಮ್ಮಿ ನಿಮ್ ಬಾವ! ಬುಧವಾರ! ಸಲ್ಯ ಬೇರೆ ಆಕ್ಕೊಂಡ್ ಜಗ್ಲಿ ಮೇಲ್ ಕುಂತವ್ನೆ. ನಿಮ್ಮಕ್ಕ ರೇಸ್ಮೆ ಸೀರೆಲಿ ಕೊಟ್ಗೆ ತೊಳೀತಾವ್ಳೆ. ನಂಗೇನ್ ಬುದ್ಧಿ ಇಲ್ವಾ? ದೀಪನ್ ನೋಡಾಕೆ ಗಂಡಿನ್ ಕಡೆಯೋರು ಬತ್ತಾವ್ರೆ!"

ಪ್ರಮೀಳಾಳ ಮುಖ ಸಪ್ಪಗಾಯಿತು. "ನೋಡಿದ್ಯಾ ಬೋರಕ್ಕ? ನಾನು ಮಗಿಗೆ ಚಿಕ್ಕವ್ವ. ನಂಗೊಂದ್ ಮಾತ್ ಏಳ್ಬೇಕು ಅನ್ನಿಸ್ಲಿಲ್ಲ ಅವ್ರಿಗೆ. ಅದೇ ಸೀರೆ ತಾನೆ ಉಟ್ಟಿರೋದು? ಕೆಂಪ್ ದಾರದ್ದು?"

"ಅದೇ."

"ಉಟ್ಕೊಳ್ಲಿ, ಉಟ್ಕೊಳ್ಲಿ. ನನ್ ಒಟ್ಟೆ ಉರಿಸ್ಲಿ" ಎನ್ನುತ್ತಲೇ ಅವಳು ಒಲೆಯ ಮೇಲೆ ಬಾಣಲೆ ಇಟ್ಟಳು. ಮಾತು ಬಿಟ್ಟಿರುವುದು ಅಕ್ಕನ ಜೊತೆ, ಮನೆಯ ಮರ್ಯಾದೆಯ ಜೊತೆಯಲ್ಲ. ಬಂದವರ ಬಾಯಿಗೆ ಏನಾದರೂ ಬೀಳಬೇಡವೇ? ಒಂದು ಕೈಯಲ್ಲಿ ರವೆ ಹುರಿಯುತ್ತ, ಇನ್ನೊಂದು ಕೈಯಲ್ಲಿ ದೀಪಳಿಗೆ ಫೋನು ಹಚ್ಚಿದಳು. ಚಿಕ್ಕಬೋರಮ್ಮ ಟೀ ಅಂಗಡಿಯ ಕಡೆ ನಡೆದಳು. ಸುದ್ದಿ ಹೊಟ್ಟೆಯಲ್ಲಿ ಇಟ್ಟುಕೊಂಡರೆ ಅವಳಿಗೆ ವಾಯು ಆಗುತ್ತದೆ.

ದೀಪ ಶ್ರೀರಂಗಪಟ್ಟಣದ ತಾಲೂಕು ಕಚೇರಿಯ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಇಪ್ಪತ್ತಮೂರು ವಯಸ್ಸು, ತಾಯಿಯ ಮೂಗು, ತಾಯಿಯದೇ ಸಿಟ್ಟು. ಸ್ಕೂಟಿಯನ್ನು ಮೆಟ್ಟಿಲಿಗೆ ಗುದ್ದಿಯೇ ನಿಲ್ಲಿಸಿದಳು.

"ಅವ್ವಾ! ಯಾರನ್ ಕೇಳಿ ಗಂಡಿನ್ ಕಡೆಯೋರ್ನ ಕರ್ಸಿದ್ದೀಯ?"

"ಯಾವ್ ಗಂಡೇ?"

"ನಾಟ್ಕ ಆಡ್ಬೇಡ. ಸೀರೆ ಯಾಕ್ ಉಟ್ಟಿದ್ದೀಯ ಮತ್ತೆ?"

"ಸೀರೆ ಇರೋದೇ ಉಡಾಕೆ."

"ಅಪ್ಪ ಯಾಕ್ ಅಂಗ್ ಕುಂತವ್ರೆ, ಎಂಎಲ್ಎ ಸೀಟಿಗೆ ನಿಂತೋರಂಗೆ?"

ಇಬ್ಬರೂ ನಿಂಗಯ್ಯನನ್ನು ನೋಡಿದರು. ನಿಂಗಯ್ಯ ಶಲ್ಯ ಸರಿಮಾಡಿಕೊಂಡು, "ಎಲ್ಲಾ ನಿಮ್ಮವ್ವಂಗ್ ಗೊತ್ತು" ಎಂದು ಬೀದಿಯ ಕಡೆ ತಿರುಗಿದ.

ದೀಪಳಿಗೆ ಇನ್ನೇನು ಸಾಕ್ಷಿ ಬೇಕು? "ನಾನು ತಲೆ ಬಾಚಾಕಿಲ್ಲ. ಉವ್ವ ಮುಡಿಯಾಕಿಲ್ಲ. ಈ ಚೂಡಿದಾರ್‌ನಲ್ಲೇ ಇರ್ತೀನಿ. ಯಾರ್ ಬತ್ತಾರೋ ಬರ್ಲಿ" ಎಂದು ಅಡುಗೆಮನೆಗೆ ಹೋಗಿ ಮೂಲೆಯಲ್ಲಿ ಕುಳಿತಳು.

"ಬಾಚ್ಬೇಡ ಕಣೇ! ನಿಂಗೆ ಬಾಚು ಅಂದೋರ್ ಯಾರು? ನಾನು ಸೀರೆ ಬಿಚ್ಚಾಕಿಲ್ಲ, ನೀನು ತಲೆ ಬಾಚ್ಬೇಡ. ಇಬ್ರೂ ಇಂಗೇ ಇರಾಣ" ಎಂದು ಇಂದ್ರಮ್ಮ ಮುದ್ದೆಗೆ ಎಸರಿಟ್ಟಳು.

ಅತ್ತ ಟೀ ಅಂಗಡಿಯಲ್ಲಿ ಚಿಕ್ಕಬೋರಮ್ಮನ ಮಾತು ಸೋಮಯ್ಯನ ಕಿವಿಗೆ ಬಿತ್ತು. ಸುತ್ತಮುತ್ತಲ ನಾಲ್ಕು ತಾಲೂಕಿನಲ್ಲಿ ಹೆಣ್ಣು ಗಂಡು ಕೂಡಿಸುವುದು ಸೋಮಯ್ಯನ ಕಸುಬು. ತಾನಿರುವ ಊರಿನಲ್ಲೇ, ತನ್ನನ್ನು ಬಿಟ್ಟು, ಒಂದು ಹೆಣ್ಣು ನೋಡುವ ಶಾಸ್ತ್ರ! ಟೀ ಲೋಟವನ್ನು ಕುಕ್ಕಿದ. "ನಿಂಗಯ್ಯ ನಂಗೇ ತಿರುಗ್ಬಿದ್ನಾ? ತಡಿ, ಅವ್ರು ಬರೋಕ್ ಮುಂಚೆ ನಮ್ಮೋರು ನೋಡಿ ಒಪ್ಕೊಂಡಿರ್ಬೇಕು, ಅಂಗ್ ಮಾಡ್ತೀನಿ" ಎಂದು ಫೋನು ತೆಗೆದ. ಬಿಂಡಿಗನವಿಲೆಯ ಚಲುವಮ್ಮ ಅನ್ನುವವಳು ಮಗನಿಗೆ ಹೆಣ್ಣು ಹುಡುಕುತ್ತಿದ್ದಳು. ಆ ದಿನ ತಾಯಿ ಮಗ ಇಬ್ಬರೂ ರಂಗನಾಥನ ದರ್ಶನಕ್ಕೆಂದು ಶ್ರೀರಂಗಪಟ್ಟಣಕ್ಕೆ ಬಂದಿದ್ದರು. "ತೀರ್ಥ ತಗೊಂಡಾಯ್ತಾ? ಅಲ್ಲೇ ನಿಂತ್ಕಳಿ, ಆಟೋ ತರ್ತೀನಿ" ಎಂದ ಸೋಮಯ್ಯ.

ಮಧ್ಯಾಹ್ನದ ಹೊತ್ತಿಗೆ ಇಂದ್ರಮ್ಮನ ಮನೆ ಮುಂದೆ ಜನ ಸೇರಿದ್ದರು. ಪ್ರಮೀಳಾಳ ಮನೆಯಿಂದ ಕೇಸರಿಬಾತು, ಬಜ್ಜಿ ತಟ್ಟೆ ತಟ್ಟೆಯಾಗಿ ಚಿಕ್ಕಬೋರಮ್ಮನ ಕೈಯಲ್ಲಿ ಬೀದಿ ದಾಟಿ ಬರುತ್ತಿದ್ದವು. ಯಾರೋ ಕುರ್ಚಿ ತಂದು ಹಾಕಿದರು. ಯಾರೋ ಅಂಗಳಕ್ಕೆ ಇನ್ನೊಂದು ಸಲ ನೀರು ಹಾಕಿ ರಂಗೋಲಿ ಬಿಟ್ಟರು. ಒಳಗೆ ಇಂದ್ರಮ್ಮ ಸೆರಗು ಬಿಗಿದು, ಪಾತ್ರೆಯನ್ನು ಎರಡು ಕಾಲಿನಿಂದ ಒತ್ತಿ ಹಿಡಿದು, ಕೋಲಿನಿಂದ ಮುದ್ದೆ ತಿರುವುತ್ತಿದ್ದಳು.

"ಅಯ್ಯೋ, ರೇಸ್ಮೆ ಸೀರೆಲಿ ಮುದ್ದೆ ತಿರುವ್ತಾವ್ಳಲ್ಲಪ್ಪ! ಬಿಚ್ಚಿಟ್ಟು ಅಳೇದು ಉಟ್ಕೊಳಮ್ಮಿ, ಅವ್ರು ಬಂದಾಗ ಉಟ್ಟೀಯಂತೆ" ಎಂದಳು ಚಿಕ್ಕಬೋರಮ್ಮ.

ಇಂದ್ರಮ್ಮ ಮುದ್ದೆ ಕೋಲು ಹಿಡಿದುಕೊಂಡೇ ಜಗಲಿಗೆ ಬಂದಳು. ಕೋಲಿನ ತುದಿಯಿಂದ ಬಿಸಿ ಹಿಟ್ಟು ತೊಟ್ಟಿಕ್ಕುತ್ತಿತ್ತು. ಮುಂದೆ ನಿಂತಿದ್ದವರು ಹಿಂದೆ ಸರಿದರು.

"ಕೇಳ್ರಪ್ಪ ಎಲ್ರೂ! ಇದು ನನ್ ಸೀರೆ. ನಮ್ಮಪ್ಪ ತಂದ್ಕೊಟ್ಟಿದ್ದು. ಇದು ನನ್ ಮನೆ. ಇವತ್ತು ಬುಧವಾರ. ಮದ್ವೆ ಇಲ್ಲ, ಮುಂಜಿ ಇಲ್ಲ, ತಿಥಿನೂ ಇಲ್ಲ. ನನ್ ಸೀರೆನ ನನ್ ಮನೆಲಿ ನಾನ್ ಉಡಾಕೆ ನಿಮ್ ಅಪ್ಪಣೆ ಬೇಕಾ? ಜಿರ್ಲೆ ಉಟ್ರೆ ಕೇಳ್ದೋರಿಲ್ಲ, ನಾನ್ ಉಟ್ರೆ ಊರೇ ಕೇಳ್ತದೆ! ಇನ್ನೊಂದ್ಸಲ ಏಳ್ತೀನಿ, ಯಾರೂ ಬರಾಕಿಲ್ಲ! ಯಾರಂದ್ರೆ ಯಾರೂ..."

ಪೋಂ ಪೋಂ ಎಂದು ಆಟೋ ಬಂದು ನಿಂತಿತು.

ಮೊದಲು ಸೋಮಯ್ಯ ಇಳಿದ. ಆಮೇಲೆ ತಲೆ ತಗ್ಗಿಸಿಕೊಂಡು ಒಬ್ಬ ಹುಡುಗ ಇಳಿದ. ಅವನೇ ಚಲುವಮ್ಮನ ಮಗ ತಿಮ್ಮೇಶ. ಕೊನೆಗೆ ಆಟೋ ಒಂದು ಸಲ ಓಲಾಡಿ, ಚಲುವಮ್ಮ ಇಳಿದಳು.

ಚಲುವಮ್ಮ ಉಟ್ಟಿದ್ದದ್ದು ಗಿಣಿಹಸಿರು ಒಡಲು, ಅಂಗೈ ಅಗಲದ ಅರಿಶಿನ ಅಂಚು, ಸೆರಗಿನ ತುಂಬ ಜರಿಯ ಮಾವಿನಕಾಯಿ.

ಜಗಲಿಯ ಮೇಲೆ ಒಂದು ಹಸಿರು, ಬೀದಿಯಲ್ಲಿ ಒಂದು ಹಸಿರು. ಚಿಕ್ಕಬೋರಮ್ಮ ಕಣ್ಣುಜ್ಜಿಕೊಂಡಳು. ನಿಂಗಯ್ಯ ಮಾತ್ರ ಎದ್ದು, ಕೊನೆಗೂ ತಾನು ಮರೆತಿದ್ದ ವಿಷಯ ಗೊತ್ತಾಯಿತೆಂಬ ನೆಮ್ಮದಿಯಲ್ಲಿ ಕೈ ಮುಗಿದ. "ಬನ್ನಿ ಬನ್ನಿ, ನಿಮ್ಗೇ ಕಾಯ್ತಿದ್ವಿ" ಎಂದುಬಿಟ್ಟ.

ಇಂದ್ರಮ್ಮ ಗಂಡನನ್ನು ನೋಡಿದ ನೋಟಕ್ಕೆ ಅವನ ಶಲ್ಯ ಸುಡಬೇಕಾಗಿತ್ತು.

"ಅಯ್ಯೋ ಸಿವ್ನೆ, ನಾವ್ ಬರೋದ್ ತಿಳ್ಕೊಂಡು ಜೊತೆ ಸೀರೆ ಉಟ್ಕೊಂಡವ್ರಲ್ಲ! ಸಂಬಂಧ ಕೂಡಿ ಬರೋದಾದ್ರೆ ಇಂಗೇ ನೋಡಿ" ಎಂದು ಚಲುವಮ್ಮ ಹಿಗ್ಗಿ ಕುರ್ಚಿ ತುಂಬ ಕುಳಿತಳು. ಮನೆಗೆ ಬಂದವರನ್ನು ಮುದ್ದೆ ಕೋಲಿನಿಂದ ಓಡಿಸುವುದು ಹೇಗೆ? ಇಂದ್ರಮ್ಮ ಕೋಲು ಒಳಗಿಟ್ಟು, ಹಲ್ಲು ಕಚ್ಚಿಕೊಂಡು ನೀರು ತಂದುಕೊಟ್ಟಳು.

ನೀರು ಕುಡಿದು ಚಲುವಮ್ಮ ತೊಡೆ ತಟ್ಟಿಕೊಂಡಳು. "ಆದ್ರೆ ಒಂದ್ ಮಾತು ಕಣವ್ವ. ನಿಮ್ದು ಬರೀ ಸೀರೆ. ನಂದು ಅಮ್ನೋರ ಮಹಿಮೆ ಸೀರೆ!"

"ಅದೆಂಗವ್ವ?" ಎಂದಳು ಚಿಕ್ಕಬೋರಮ್ಮ. ಬಜ್ಜಿ ತಟ್ಟೆ ಹಿಡಿದಿದ್ದ ಅವಳು ಆಗಲೇ ನೆಲಕ್ಕೆ ಕುಳಿತಿದ್ದಳು.

"ನನ್ ಮದ್ವೆ ನಾಗಮಂಗ್ಲದ್ ಛತ್ರದಲ್ಲಿ. ಆರತಿ ಎತ್ತೋವಾಗ ಕರ್ಪೂರದ್ ಕಿಡಿ ಸಿಡಿದು ಸೆರಗ್ಮೇಲ್ ಬಿತ್ತು. ಸಾಸ್ವೆ ಕಾಳ್ನಷ್ಟು ತೂತು! ಮದ್ವಣಗಿತ್ತಿ ಸೆರಗ್ ಸುಟ್ರೆ ಅಪಸಕುನ ಅಂತಾರಲ್ಲ, ನಮ್ಮತ್ತಿಗೆ ಗಡಗಡ ನಡುಗ್ಬುಟ್ಟು, ಹಸ್ರು ದಾರ ಸಿಗ್ದೆ ಕೆಂಪ್ ದಾರದಲ್ಲೇ ಒಲಿದ್ಬುಟ್ಲು. ಊರಿಗ್ ಬಂದು ನಮ್ಮತ್ತೆಗೆ ಇಂಗಿಂಗಾಯ್ತು ಅಂತ ಸೆರಗ್ ಬಿಚ್ಚಿ ತೋರ್ಸೋಕ್ ಓದ್ರೆ, ತೂತೇ ಇಲ್ಲ! ದಾರಾನೂ ಇಲ್ಲ! ಮಾಯ! ನಮ್ಮತ್ತೆ ಸೀರೆನ ಅಮ್ನೋರ್ ಮುಂದಿಟ್ಟು ಕಾಯಿ ಒಡೆಸಿದ್ರು. 'ಇದು ಮಹಾಲಕ್ಷ್ಮಿ ಸೀರೆ, ಒಳಗಿಡ್ಬೇಡ ಮಗ, ಉಟ್ಟಷ್ಟೂ ಒಳ್ಳೇದಾಯ್ತದೆ' ಅಂದ್ರು. ಅವತ್ತಿಂದ ಅಬ್ಬ ಬಂದ್ರೂ ಇದೇ, ನಾಮ್ಕರಣ ಆದ್ರೂ ಇದೇ. ಕುರಿ ಮರಿ ಆಕಿದ್ರೂ ಇದನ್ ಉಟ್ಕೊಂಡೇ ನೋಡಾಕೋಯ್ತೀನಿ!"

ಇಂದ್ರಮ್ಮನ ಕೈ ತಾನಾಗಿ ತನ್ನ ಸೆರಗಿಗೆ ಹೋಯಿತು. ಬೆರಳಿಗೆ ಕೆಂಪು ದಾರದ ಗಂಟು ಸಿಕ್ಕಿತು. ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ಬೀದಿಯ ನಡುವೆ ಕೇಸರಿಬಾತಿನ ಪಾತ್ರೆ ಹಿಡಿದು ನಿಂತಿದ್ದ ಪ್ರಮೀಳಾ, ಪಾತ್ರೆಯನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟಳು. ಅವಳ ಕಣ್ಣು ದೀಪಾವಳಿಯ ಹೂಕುಂಡದ ಹಾಗೆ ಉರಿಯತೊಡಗಿತ್ತು.

"ಬೋರಕ್ಕ, ಅವ್ರನ್ನ ಕೇಳು. ಛತ್ರದಲ್ಲಿ ಅವತ್ತು ಇನ್ನೊಂದ್ ಮದ್ವೆ ಇತ್ತಾ ಅಂತ."

"ಇತ್ತಲ್ಲ!" ಎಂದಳು ಚಲುವಮ್ಮ ನೇರವಾಗಿ. "ನಮ್ದು ಕೆಳಗೆ, ಅವ್ರುದು ಮಾಳಿಗೆ ಮೇಲೆ. ಮೇಲೆ ಕನ್ನಡಿ ಇಲ್ಲ ಅಂತ ಆ ಹೆಣ್ಣು ನಮ್ ಕ್ವಾಣೆಗೇ ಬಂದು ಸೀರೆ ಬದ್ಲಾಯ್ಸ್ಕೊಂಡ್ಲು. ಬಡಕಲು ಹೆಣ್ಣು, ಅಳಬುರುಕಿ."

"ಆ ಅಳಬುರುಕಿ ನಾನೇ ಕಣವ್ವಾ!" ಎಂದು ಕೂಗಿದಳು ಪ್ರಮೀಳಾ. "ಇಬ್ರ ಸೀರೆನೂ ಒಂದೇ ಮಂಚದ್ ಮೇಲ್ ಬಿದ್ದಿತ್ತು. ನಿಮ್ಮೋರು ನಂದನ್ನ ಗಂಟ್ ಕಟ್ಟವ್ರೆ, ನಮ್ಮೋರು ನಿಮ್ದನ್ನ! ಕೇಳಿಸ್ಕೊಂಡ್ರಾ ಎಲ್ರೂ? ನಾನ್ ಸುಟ್ಟಿಲ್ಲ ಅಂತ ದೇವ್ರಾಣೆ ಇಟ್ಟೆ. ತೂತೇನು ಬಸ್ಸತ್ಕೊಂಡ್ ಬಂತಾ ಅಂದ್ರು ಒಬ್ರು. ಊಂ ಕಣ್ರಪ್ಪ! ನಾಗಮಂಗ್ಲದಿಂದ ಬಸ್ಸತ್ಕೊಂಡೇ ಬಂದಿತ್ತು!"

ಎಲ್ಲರೂ ಇಂದ್ರಮ್ಮನ ಮುಷ್ಟಿಯನ್ನೇ ನೋಡುತ್ತಿದ್ದರು. ಅವಳು ಮುಷ್ಟಿ ಬಿಚ್ಚಿದಳು. ಕೆಂಪು ದಾರ ಹಸಿರಿನ ಮೇಲೆ ಹಲ್ಲು ಕಿಸಿಯಿತು.

ಚಲುವಮ್ಮ ಬಾಗಿ ನೋಡಿದಳು. "ನಮ್ಮತ್ತಿಗೆ ಒಲಿಗೆನೇ" ಎಂದಳು. ಮಹಿಮೆ ಹೋದ ದುಃಖ ಒಂದು ಗಳಿಗೆ ಅವಳ ಮುಖದಲ್ಲಿ ಕಂಡಿತು. ಮರುಗಳಿಗೆಗೆ ಅವಳ ಕಣ್ಣು ಇಂದ್ರಮ್ಮನ ಅಂಚಿನ ಮೇಲೆ, ನೆರಿಗೆಯ ಮೇಲೆ ಓಡಾಡಿ, ತನ್ನ ಸೀರೆಯ ಮೇಲೆ ಇಳಿದು ನಿಂತಿತು. ಅವಳು ಥಟ್ಟನೆ ಮೆತ್ತಗಾದಳು. "ಓಗ್ಲಿ ಬುಡಿ. ಇಷ್ಟ್ ವರ್ಸ ಆಗೋಯ್ತು. ಇದ್ದಂಗೇ ಇರ್ಲಿ."

"ಇದ್ದಂಗ್ ಇರೋದೆಂಗೆ?" ಇಂದ್ರಮ್ಮ ಎದ್ದು ನಿಂತಳು. ಬೆಳಗ್ಗೆಯಿಂದ ನನ್ನ ಸೀರೆ, ನನ್ನ ಸೀರೆ ಎಂದು ಊರಿಗೆಲ್ಲ ಸಾರಿದವಳು ಇನ್ನೊಬ್ಬಳ ಸೀರೆಯಲ್ಲಿ ನಿಂತಿದ್ದಾಳೆ! ಎದುರಿಗೆ ಪ್ರಮೀಳಾ ನಗುತ್ತಿದ್ದಾಳೆ. "ನಂಗೆ ಇನ್ನೊಬ್ರುದ್ ಬ್ಯಾಡ. ನಮ್ಮಪ್ಪ ತಂದಿದ್ ನಂಗ್ ಬೇಕು. ನಡೀರಿ ಒಳಿಕೆ!"

"ಬ್ಯಾಡ ಕಣವ್ವ, ಯೋಚ್ನೆ ಮಾಡಿ..."

"ಯೋಚ್ನೆ ಗೀಚ್ನೆ ಇಲ್ಲ. ನಡೀರಿ!"

ಇಬ್ಬರೂ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು.

ಹೊರಗೆ ಸೋಮಯ್ಯ ಗಂಟಲು ಸರಿಮಾಡಿಕೊಂಡ. "ಮತ್ತೆ... ಹೆಣ್ಣು ನೋಡೋ ಕಾರ್ಯ?"

"ನೋಡಾಯ್ತಲ್ಲ, ಸೀರೆನ!" ಎಂದು ಅಡುಗೆಮನೆಯಿಂದ ದೀಪ ಕೂಗಿದಳು.

"ಸದ್ಯ" ಎಂದ ತಿಮ್ಮೇಶ, ಯಾರಿಗೂ ಅಲ್ಲದಂತೆ. ಅವನು ಬಂದಾಗಿನಿಂದ ಆಡಿದ್ದು ಅದೊಂದೇ ಮಾತು. ಆಮೇಲೆ ಐದನೇ ಬಜ್ಜಿಗೆ ಕೈ ಹಾಕಿದ.

ಬಾಗಿಲು ತೆರೆಯಿತು. ಒಳಗೆ ಹೋದ ಹಾಗೆಯೇ ಇಬ್ಬರೂ ಹೊರಗೆ ಬಂದರು. ಗಿಣಿಹಸಿರು, ಅರಿಶಿನ ಅಂಚು. ಗಿಣಿಹಸಿರು, ಅರಿಶಿನ ಅಂಚು.

"ಬದ್ಲಾಯ್ಸ್ಕೊಂಡ್ರಾ, ಇಲ್ವಾ?" ಎಂದ ನಿಂಗಯ್ಯ.

ಚಲುವಮ್ಮನಿಗೆ ಇದ್ದಕ್ಕಿದ್ದಂತೆ ನಾಗಮಂಗಲದ ಬಸ್ಸಿಗೆ ಹೊತ್ತಾಗಿತ್ತು. ಕೇಸರಿಬಾತು ಕೂಡ ಮುಟ್ಟದೆ, ಗರಿಗರಿ ನೆರಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮಗನನ್ನು ಮುಂದೆ ನೂಕಿಕೊಂಡು ಆಟೋ ಹತ್ತಿದಳು. "ಫೋನ್ ಮಾಡ್ತೀವಿ ಕಣವ್ವ" ಎಂದಳು. ಹೆಣ್ಣಿನ ಮುಖವನ್ನು ಅವಳು ನೋಡಿಯೇ ಇರಲಿಲ್ಲ.

ಇಂದ್ರಮ್ಮ ಗೆದ್ದವಳ ಹಾಗೆ ಸುತ್ತ ನೋಡಿದಳು. ಈಗ ಇದು ನನ್ನದು. ನಮ್ಮಪ್ಪ ತಂದದ್ದು. ಈಗ ಯಾರು ಏನು ಹೇಳುತ್ತಾರೋ ಹೇಳಲಿ ಎಂದು, ಬೆಳಗ್ಗೆ ಕೂತ ಹಾಗೆಯೇ ಜಗಲಿಯ ಮೇಲೆ ಕಾಲು ಇಳಿಬಿಟ್ಟು ಜಂಬದಿಂದ ಕುಳಿತಳು.

ಪರ್ರ್!

ಮಂಡಿಯ ಮೇಲೆ ಗೇಣುದ್ದ ಬಾಯಿ ಬಿಟ್ಟಿತು. ಇಂದ್ರಮ್ಮ ಮೊದಲ ಸಲ ಆ ಸೀರೆಯನ್ನು ಬಿಸಿಲಿನಲ್ಲಿ ಹತ್ತಿರದಿಂದ ನೋಡಿದಳು. ಜರಿ ಕರಿಗಟ್ಟಿತ್ತು. ಅಂಚಿನಲ್ಲಿ ತುಪ್ಪದ ಕಲೆ, ಕುಂಕುಮದ ಕಲೆ, ಯಾವುದೋ ಕುರಿಮರಿ ಕಚ್ಚಿದ ಗುರುತು. ಒಡಲು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಇಷ್ಟು ವರ್ಷ ಬಿಳೀ ಪಂಚೆಯಲ್ಲಿ ಸುತ್ತಿ, ನುಸಿಗುಳಿಗೆ ಇಟ್ಟು, ತಾನು ಉಡದೆ, ಇನ್ನೊಬ್ಬರಿಗೆ ಕೊಡದೆ, ಓರಗಿತ್ತಿಯ ಜೊತೆ ಮಾತು ಬಿಟ್ಟು ಅವಳು ಕಾಪಾಡಿದ್ದು ಚಲುವಮ್ಮನ ಸೀರೆಯನ್ನು. ಅವಳ ಸ್ವಂತ ಸೀರೆಯನ್ನು ಚಲುವಮ್ಮ ಹಬ್ಬ ಹಬ್ಬಕ್ಕೂ ಉಟ್ಟು, ಉಂಡು, ಕುಣಿದು, ಹಣ್ಣು ಮಾಡಿ, ಈಗ ಕೈಗೆ ಕೊಟ್ಟು ಹೋಗಿದ್ದಳು. ಕೊಟ್ಟದ್ದಲ್ಲ, ಇವಳೇ ಜಗಳವಾಡಿ ಕಿತ್ತುಕೊಂಡದ್ದು.

ಆಟೋ ಆಗಲೇ ಹೆದ್ದಾರಿ ಸೇರಿತ್ತು.

"ಬಿಚ್ಚಿಡಮ್ಮಿ ಇನ್ನಾರ" ಎಂದಳು ಚಿಕ್ಕಬೋರಮ್ಮ, ಈ ಸಲ ನಿಜವಾದ ಕನಿಕರದಿಂದ.

ಇಂದ್ರಮ್ಮನ ಮೂಗಿನ ಹೊಳ್ಳೆ ಅರಳಿತು. "ಒತ್ತು ಮುಳುಗೋಗಂಟ ಬಿಚ್ಚಾಕಿಲ್ಲ ಅಂದಿವ್ನಿ. ಈಗ್ಲೇ ಮುಳುಗೋಯ್ತಾ?" ಎದುರಿಗೆ ತಿರುಗಿದಳು. ನಡುವೆ ಯಾವ ಕೋಳಿಯೂ ಇರಲಿಲ್ಲ. "ಲೇ ಪ್ರಮೀಳಾ! ಏನ್ ಅಲ್ ಕಿಸೀತಾ ನಿಂತಿದ್ದೀಯ? ಸೂಜಿ ತಗಂಡ್ ಬಾ."

ಪ್ರಮೀಳಾಳ ನಗು ಮುಖದಲ್ಲೇ ಗಟ್ಟಿಯಾಯಿತು. ಕೇಳಿದಳು: "ಯಾವ್ ಬಣ್ಣದ್ ದಾರ ಅಕ್ಕ?"

"ಯಾವ್ದಿದ್ರೆ ಅದು. ಕೆಂಪೇ ತಾ, ಓಗ್ಲಿ!"

"ಮೈಮೇಲಿರೋ ಬಟ್ಟೆ ಒಲಿಬಾರ್ದು ಕಣ್ರಮ್ಮಿ, ಅನಿಷ್ಟ" ಎಂದು ಚಿಕ್ಕಬೋರಮ್ಮ ಹೇಳುತ್ತಲೇ ಇದ್ದಳು. ಪ್ರಮೀಳಾ ಜಗಲಿಯ ಕೆಳಗೆ ಕುಳಿತು, ಅಕ್ಕನ ಮಂಡಿಯ ಮೇಲೆ, ಮೈಮೇಲಿದ್ದ ಸೀರೆಯನ್ನೇ ಹೊಲಿದಳು. ನಡುವೆ ಒಂದು ಸಲ ಸೂಜಿ ಮಂಡಿಗೆ ಚುಚ್ಚಿತು. ಅದು ಕೈತಪ್ಪಿಯೋ, ಹಳೆಯ ಅಳುವಿನ ಲೆಕ್ಕಕ್ಕೋ, ಇಂದ್ರಮ್ಮ ಕೇಳಲಿಲ್ಲ. ಕೇಸರಿಬಾತಿನ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡು, "ಸಕ್ರೆ ಜಾಸ್ತಿ ಆಯ್ತು" ಎಂದು ಹೇಳಿ, ಎರಡು ಸಲ ಬಡಿಸಿಕೊಂಡು ತಿಂದಳು.

ಮಾರನೆಯ ದಿನ ಗುರುವಾರ. ಚಿಕ್ಕಬೋರಮ್ಮ ಎದ್ದು ಮೋಟುಗೋಡೆಯ ಮೇಲೆ ತಲೆ ಇಟ್ಟಳು. ಮಂಡಿಯ ಮೇಲೆ ಕೆಂಪು ಹೊಲಿಗೆಯ ಗಿಣಿಹಸಿರು ಸೀರೆ ಉಟ್ಟುಕೊಂಡು ಇಂದ್ರಮ್ಮ ಅಂಗಳಕ್ಕೆ ಸಗಣಿ ನೀರು ಹಾಕುತ್ತಿದ್ದಳು.

"ಇಂದ್ರಿ," ಎಂದಳು ಚಿಕ್ಕಬೋರಮ್ಮ, ದನಿ ತಗ್ಗಿಸಿ, "ಇವತ್ಯಾರಮ್ಮಿ ಬತ್ತಾವ್ರೆ?"

ಇಂದ್ರಮ್ಮ ಉತ್ತರ ಕೊಡಲು ಬಾಯಿ ತೆರೆದು ಹಿಂದಕ್ಕೆ ತಿರುಗಿದಳು. ಬಾಗಿಲಿನ ಒಳಗೆ ನಿಂಗಯ್ಯ, ಒಂದು ಮಾತೂ ಕೇಳದೆ, ಕನ್ನಡಿಯ ಮುಂದೆ ಕುಳಿತು ಮುಖದ ತುಂಬ ಸೋಪು ಹಚ್ಚಿಕೊಳ್ಳುತ್ತಿದ್ದ.